ಹಳೆಯ ಸರ್ವರಿನ ಜೊತೆಗೆ ಹೊಸದು: ಪ್ರೊಸೆಸರ್ ಹೊಂದಾಣಿಕೆ ಬಗ್ಗೆ ತಿಳಿದಿರಬೇಕಾದ ವಿಷಯಗಳು

ಸಹಕಾರಿ ಬ್ಯಾಂಕು, ಆಸ್ಪತ್ರೆ, ಕಾಲೇಜುಗಳಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವರಿಗೂ, ಆಡಳಿತ ಮಂಡಳಿಯಲ್ಲಿ ಕುಳಿತು ಖರೀದಿಗೆ ಸಹಿ ಹಾಕುವವರಿಗೂ ಉಪಯೋಗವಾಗಲೆಂದು ಈ ಮಾಹಿತಿ.

ಒಂದೇ ದೊಡ್ಡ ಸರ್ವರಿನೊಳಗೆ ಸಾಫ್ಟ್‌ವೇರ್ ಮೂಲಕ ಹಲವು ಕಂಪ್ಯೂಟರುಗಳನ್ನು ನಡೆಸಬಹುದು. ಅವೇ ವರ್ಚುವಲ್ ಯಂತ್ರಗಳು. ಅವುಗಳನ್ನು ಹೊತ್ತ ಸರ್ವರಿಗೆ ಹೋಸ್ಟ್ ಎನ್ನುತ್ತಾರೆ, ಹೋಸ್ಟ್‌ಗಳ ಗುಂಪಿಗೆ ಕ್ಲಸ್ಟರ್. ಒಂದು ಹೋಸ್ಟನ್ನು ದುರಸ್ತಿಗೆ ನಿಲ್ಲಿಸಬೇಕಾದರೆ ಅದರ ಮೇಲಿನ ಯಂತ್ರಗಳನ್ನು ಚಾಲನೆಯಲ್ಲಿರುವಂತೆಯೇ ಇನ್ನೊಂದಕ್ಕೆ ಸಾಗಿಸಬಹುದು. ವಿಎಂವೇರ್ ಸಂಸ್ಥೆ ಈ ಸೌಲಭ್ಯವನ್ನು ವಿಮೋಷನ್ ಹೆಸರಿನಲ್ಲಿ 2003ರಲ್ಲಿ ತಂದಿತು.

ತೊಡಕು ಎಲ್ಲಿ?

ಪ್ರೊಸೆಸರಿನ ಹೊಸ ಪೀಳಿಗೆಗಳಲ್ಲಿ ಹೊಸ ಆದೇಶಗಳು ಸೇರುತ್ತಾ ಹೋಗುತ್ತವೆ. ಇಂಟೆಲ್‌ನಲ್ಲಿ 2011ರ ಸ್ಯಾಂಡಿ ಬ್ರಿಡ್ಜ್ ಪೀಳಿಗೆಗೆ ಎವಿಎಕ್ಸ್ ಬಂತು, 2013ರ ಹ್ಯಾಸ್‌ವೆಲ್‌ಗೆ ಎವಿಎಕ್ಸ್2. ಪ್ರೋಗ್ರಾಮುಗಳು ಸಾಮಾನ್ಯವಾಗಿ ಶುರುವಾಗುವಾಗ ಒಂದು ಸಲ ಮಾತ್ರ "ನಿನ್ನಲ್ಲಿ ಏನೇನಿದೆ?" ಎಂದು ಪ್ರೊಸೆಸರನ್ನು ಕೇಳುತ್ತವೆ, ಮತ್ತೆ ಕೇಳುವುದಿಲ್ಲ. ನಡುವೆ ಯಂತ್ರವನ್ನು ಹಳೆಯ ಹೋಸ್ಟಿಗೆ ಸಾಗಿಸಿದರೆ, ಅಲ್ಲಿಲ್ಲದ ಆದೇಶವನ್ನು ಕೊಟ್ಟು ಪ್ರೋಗ್ರಾಮು ಅಲ್ಲೇ ಬಿದ್ದುಹೋಗುತ್ತದೆ. ಕನ್ನಡ ಟೈಪ್‌ರೈಟರಿನಲ್ಲಿ ಅರ್ಧ ಪತ್ರ ಹೊಡೆದ ಗುಮಾಸ್ತನನ್ನು ಆ ಕ್ಷಣವೇ ಇಂಗ್ಲಿಷ್ ಟೈಪ್‌ರೈಟರಿನ ಮುಂದೆ ಕೂರಿಸಿದ ಹಾಗೆ: ಮುಂದಿನ ಅಕ್ಷರಕ್ಕೆ ಕೀಲಿಯೇ ಇಲ್ಲ.

ಈ ಅಪಾಯ ತಪ್ಪಿಸಲು ವಿಎಂವೇರ್‌ನಂಥ ಸಾಫ್ಟ್‌ವೇರ್ ಮೊದಲೇ ಪರೀಕ್ಷಿಸಿ, ಹೊಂದದಿದ್ದರೆ ಸಾಗಣೆಯನ್ನು ನಿರಾಕರಿಸುತ್ತದೆ. ಆಗ ದುರಸ್ತಿಯ ದಿನ ಬ್ಯಾಂಕಿನ ಕೌಂಟರೋ ಆಸ್ಪತ್ರೆಯ ನೋಂದಣಿಯೋ ನಿಲ್ಲಲೇಬೇಕಾಗುತ್ತದೆ.

ಪರಿಹಾರ

ಎಲ್ಲ ಹೋಸ್ಟ್‌ಗಳಲ್ಲೂ ಇರುವ ಆದೇಶಗಳನ್ನಷ್ಟೇ ಯಂತ್ರಗಳಿಗೆ ತೋರಿಸಿ, ಹೆಚ್ಚಿನದನ್ನು ಮರೆಮಾಡುವುದೇ ಪರಿಹಾರ. ವಿಎಂವೇರ್ 2008ರಲ್ಲಿ ಇದನ್ನು ಇವಿಸಿ ಎಂಬ ಹೆಸರಿನಲ್ಲಿ ಕೊಟ್ಟಿತು. ಮರೆಯಾಗುವುದು ಆದೇಶಗಳು ಮಾತ್ರ. ಹೊಸ ಪ್ರೊಸೆಸರಿನ ವೇಗವಾಗಲಿ ಕೋರ್‌ಗಳ ಸಂಖ್ಯೆಯಾಗಲಿ ಕಡಿಮೆಯಾಗುವುದಿಲ್ಲ. ಆದರೆ ಇಂಟೆಲ್ ಮತ್ತು ಎಎಂಡಿ ಹೋಸ್ಟ್‌ಗಳ ನಡುವೆ ಇವಿಸಿ ಇದ್ದರೂ ಚಾಲನೆಯಲ್ಲಿರುವ ಯಂತ್ರವನ್ನು ಸಾಗಿಸಲಾಗದು. ಆಫ್ ಮಾಡಿ ಸಾಗಿಸಬೇಕು.

ಹೈಪರ್-ವಿಯಲ್ಲಿ ಪ್ರತಿ ಯಂತ್ರಕ್ಕೂ ಪ್ರೊಸೆಸರ್ ಹೊಂದಾಣಿಕೆಯ ಆಯ್ಕೆ ಇದೆ. ಯಂತ್ರ ಆಫ್ ಆಗಿರುವಾಗಲೇ ಅದನ್ನು ಹಾಕಬೇಕು. ಕೆವಿಎಂನಲ್ಲಿ ಹೋಸ್ಟ್ ಪ್ರೊಸೆಸರನ್ನು ಇದ್ದಂತೆಯೇ ಯಂತ್ರಕ್ಕೆ ಒಪ್ಪಿಸಬಹುದು ಅಥವಾ ಹೆಸರಿಸಿದ ಒಂದು ಮಾದರಿಯನ್ನು ತೋರಿಸಬಹುದು. ಹೋಸ್ಟ್‌ಗಳು ಬೇರೆ ಬೇರೆ ಪೀಳಿಗೆಯವಾದರೆ ಎರಡನೆಯದೇ ಸುರಕ್ಷಿತ. 2023ರ ಪ್ರಾಕ್ಸ್‌ಮಾಕ್ಸ್ 8ರಲ್ಲಿ ಹೊಸ ಯಂತ್ರಗಳಿಗೆ ಎಕ್ಸ್86-64-ವಿ2-ಎಇಎಸ್ ಎಂಬ ಮಾದರಿ ತಾನಾಗಿಯೇ ಆಯ್ಕೆಯಾಗಿರುತ್ತದೆ.

ಅನುಸರಿಸಬೇಕಾದ ಕ್ರಮ

1. ಇರುವ ಎಲ್ಲ ಹೋಸ್ಟ್‌ಗಳ ಪ್ರೊಸೆಸರ್ ತಯಾರಕರು, ಮಾದರಿ ಮತ್ತು ಪೀಳಿಗೆಯನ್ನು ಪಟ್ಟಿ ಮಾಡಿ. ಅವುಗಳಲ್ಲಿ ಹಳೆಯದೇ ನಿಮ್ಮ ಮಟ್ಟ.

2. ಯಂತ್ರಗಳನ್ನು ಶುರು ಮಾಡುವ ಮೊದಲೇ ಆ ಮಟ್ಟವನ್ನು ನಿಗದಿಪಡಿಸಿ. ಇವಿಸಿಯಲ್ಲಿ ಮಟ್ಟವನ್ನು ಆಮೇಲೆ ಇಳಿಸಬೇಕೆಂದರೆ ಹೆಚ್ಚಿನ ಆದೇಶಗಳನ್ನು ಕಂಡಿರುವ ಯಂತ್ರಗಳನ್ನೆಲ್ಲ ಆಫ್ ಮಾಡಬೇಕಾಗುತ್ತದೆ. ಏರಿಸುವುದಕ್ಕೆ ಈ ಕಷ್ಟವಿಲ್ಲ.

3. ಏರಿಸಿದ ಬಳಿಕ ಹೊಸ ಆದೇಶಗಳು ಕಾಣಬೇಕಾದರೆ ಯಂತ್ರವನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಬೇಕು. ಒಳಗಿನಿಂದ ರೀಸ್ಟಾರ್ಟ್ ಮಾಡಿದರೆ ಸಾಲದು.

4. ಅಗತ್ಯಕ್ಕಿಂತ ಕೆಳಗಿನ ಮಟ್ಟ ಬೇಡ. ರೆಡ್ ಹ್ಯಾಟ್ ಲಿನಕ್ಸ್ 9ಕ್ಕೆ ಕನಿಷ್ಠ ವಿ2 ಮಟ್ಟ ಬೇಕು, 10ಕ್ಕೆ ವಿ3. ವಿ3 ಎಂದರೆ ಎವಿಎಕ್ಸ್2 ಸಹ ಕಾಣುತ್ತಿರಬೇಕು.

5. ಹೊಸ ಹೋಸ್ಟ್ ಸೇರಿಸಿದ ಮೇಲೆ ಮುಖ್ಯವಲ್ಲದ ಒಂದು ಯಂತ್ರವನ್ನು ಅತ್ತ ಕಳಿಸಿ, ಇತ್ತ ಮರಳಿ ತಂದು ನೋಡಿ. ಹಳೆಯದರಿಂದ ಹೊಸದಕ್ಕೆ ಹೋಗುವುದು ಸುಲಭ. ತೊಡಕು ಕಾಣಿಸುವುದು ಮರಳುವಾಗ.

ಕೊಟೇಶನ್ ಬಂದಾಗ ಬೆಲೆಯ ಜೊತೆಗೆ ಇದನ್ನೂ ಕೇಳಿ: "ಈ ಪ್ರೊಸೆಸರ್ ನಮ್ಮ ಹಳೆಯ ಹೋಸ್ಟ್‌ಗಳ ಜೊತೆ ಒಂದೇ ಕ್ಲಸ್ಟರಿನಲ್ಲಿ ನಡೆಯುತ್ತದೆಯೇ?" ಉತ್ತರವನ್ನು ಬರಹದಲ್ಲಿ ಪಡೆದು ಫೈಲಿಗೆ ಸೇರಿಸಿ. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ತಯಾರಕರ ಸರ್ವರ್ ತಂದರೆ, ಉಳಿಸಿದ ಹಣ ಒಂದು ದಿನ ಕೆಲಸ ನಿಂತಾಗ ಹೋದೀತು.

— ಕಾರ್ಯದರ್ಶಿ