ಚುಕ್ಕಿ, ಎಳೆ ಮತ್ತು ಅಣು: ಒಂದು ಪೂರ್ವಸಿದ್ಧತೆಯ ಚರಿತ್ರೆ

ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯಲ್ಲಿ ಚುಕ್ಕಿ ರಂಗೋಲಿಗಳನ್ನು ದಾಖಲಿಸುತ್ತಿದ್ದಾಗ ಪ್ರಸ್ತುತ ಲೇಖನದ ವಸ್ತು ನನಗೆ ಆಕಸ್ಮಿಕವಾಗಿ ಎದುರಾಯಿತು. ಹಳೆಯ ಊರಿನ ಮನೆಯೊಂದರಲ್ಲಿ ಎಂಬತ್ತು ದಾಟಿದ ವಕ್ತೃವೊಬ್ಬರು ತಮ್ಮ ರಂಗೋಲಿ ಪುಸ್ತಕವನ್ನು ತೋರಿಸಿದರು. ಅದರಲ್ಲಿ ‘15ರಿಂದ 8, ಸಂದುಚುಕ್ಕಿ, ತಾವರೆ’ ಎಂಬಂಥ ಬರಹಗಳೂ ಅವುಗಳ ಕೆಳಗೆ ಚುಕ್ಕಿಗಳೂ ಇದ್ದವು, ಎಳೆಗಳು ಇರಲಿಲ್ಲ. ಕೈನಡುಕ ಆರಂಭವಾದ ಮೇಲೆ ಅವರು ರಂಗೋಲಿ ಇಡುವುದನ್ನು ಬಿಟ್ಟಿದ್ದರು. ಸೊಸೆ ಪುಸ್ತಕ ನೋಡಿ ಚುಕ್ಕಿ ಇಡಬಲ್ಲವರಾಗಿದ್ದರೇ ಹೊರತು ತಾವರೆಯನ್ನು ಬರೆಯಬಲ್ಲವರಾಗಿರಲಿಲ್ಲ. ಅದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಪುಸ್ತಕವನ್ನು ತಿರುವಿಹಾಕಿ, “ಇದರಲ್ಲಿ ಸ್ಟ್ರಕ್ಚರ್ ಇದೆ, ಟೊಪಾಲಜಿ ಇಲ್ಲ ಅಜ್ಜಿ” ಎಂದಳು. “ಅದೇನೋ ಕಾಣೆ ಕಣಮ್ಮ, ಎಳೆ ಕೈಗೆ ಗೊತ್ತು” ಎಂಬುದು ಅಜ್ಜಿಯ ಉತ್ತರ.

ವಿದ್ಯಾರ್ಥಿನಿಯ ಕ್ಷೇತ್ರ ಮಾಲಿಕ್ಯುಲರ್ ಡೈನಾಮಿಕ್ಸ್, ಅಂದರೆ ಪ್ರೋಟೀನಿನಂಥ ಅಣುಗಳ ಚಲನೆಯನ್ನು ಗಣಕಯಂತ್ರದಲ್ಲಿ ಅನುಕರಿಸುವ ವಿದ್ಯೆ. ಅನುಕರಣೆ ಆರಂಭವಾಗುವ ಮೊದಲು ಎರಡು ಕಡತಗಳು ಸಿದ್ಧವಾಗಬೇಕು. ಒಂದು ರಚನಾ ಕಡತ: ಪ್ರತಿಯೊಂದು ಪರಮಾಣುವಿಗೂ ಒಂದು ಸಾಲು, ಅದರಲ್ಲಿ ಪರಮಾಣುವಿನ ಹೆಸರು, ಅದು ಸೇರಿದ ಅಮೈನೋ ಆಮ್ಲ ಮತ್ತು ಅದು ನಿಂತಿರುವ ಸ್ಥಳವನ್ನು ಹೇಳುವ ಮೂರು ಅಂಕಿಗಳು. ಇನ್ನೊಂದು ಟೊಪಾಲಜಿ ಕಡತ. ಇದನ್ನು ಸಂಬಂಧ ಕಡತ ಎನ್ನಬಹುದು. ಯಾವ ಪರಮಾಣುವಿಗೆ ಎಷ್ಟು ವಿದ್ಯುದಾವೇಶ, ಯಾವ ಎರಡರ ನಡುವೆ ಬಂಧ, ಯಾವ ಮೂರರ ನಡುವೆ ಕೋನ, ಯಾವ ನಾಲ್ಕು ಸೇರಿ ಒಂದು ತಿರುವು ಎಂಬ ವಿವರಗಳು ಇದರಲ್ಲಿರುತ್ತವೆ. ಮೊದಲನೆಯದು ಚುಕ್ಕಿ, ಎರಡನೆಯದು ಎಳೆ. ಮೊದಲನೆಯದು ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲಿ ಕಂಡದ್ದು. ಎರಡನೆಯದು ಹಿಂದಿನವರು ಕೂಡಿಟ್ಟ ನಿಯಮಗಳಿಂದ ತುಂಬಿಸಿದ್ದು. ಎಳೆಗಳ ಈ ವಿದ್ಯೆ ಹೇಗೆ ಹುಟ್ಟಿತು, ಹೇಗೆ ಹಸ್ತಾಂತರವಾಗುತ್ತಿದೆ ಎಂಬುದನ್ನು, ಬೆಂಗಳೂರಿನ ನಿದರ್ಶನಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಆರಂಭದಲ್ಲಿ ಎಳೆಯ ಅಗತ್ಯವೇ ಇರಲಿಲ್ಲ. ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ 1964ರಲ್ಲಿ ದ್ರವರೂಪದ ಆರ್ಗಾನಿನ 864 ಪರಮಾಣುಗಳ ಚಲನೆಯನ್ನು ಲೆಕ್ಕಹಾಕಿದರು. ಆರ್ಗಾನ್ ಪರಮಾಣುಗಳು ಒಂದಕ್ಕೊಂದು ಬಂಧುಗಳಲ್ಲ. ಎಲ್ಲವೂ ಒಂದೇ ಬಗೆಯವು, ಎಲ್ಲವೂ ಬಿಡಿಬಿಡಿ. ಪ್ರೋಟೀನಿನ ಸಂಗತಿ ಹಾಗಲ್ಲ. 1960ರ ದಶಕದ ಕೊನೆಯಲ್ಲಿ ಇಸ್ರೇಲಿನ ವೈಜ಼್‌ಮನ್ ಸಂಸ್ಥೆಯಲ್ಲಿ ಶ್ನಿಯೋರ್ ಲಿಫ್ಸನ್, ಏರಿಯೆ ವಾರ್ಶೆಲ್, ಮೈಕೆಲ್ ಲೆವಿಟ್ ಅವರು ಬಂಧ, ಕೋನ, ತಿರುವುಗಳ ಶಕ್ತಿಯನ್ನು ಸೂತ್ರಬದ್ಧಗೊಳಿಸಿದರು. ಈ ಸೂತ್ರಗಳ ಮತ್ತು ಅವುಗಳ ಅಂಕಿಗಳ ಸಮುಚ್ಚಯಕ್ಕೆ ಬಲಕ್ಷೇತ್ರವೆಂದು ಹೆಸರು. 1977ರಲ್ಲಿ ಮ್ಯಾಕ್‌ಕ್ಯಾಮನ್, ಗೆಲಿನ್ ಮತ್ತು ಕಾರ್ಪ್ಲಸ್ ಅವರು 58 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನೊಂದನ್ನು ಹತ್ತು ಪಿಕೋಸೆಕೆಂಡಿಗೂ ಕಡಿಮೆ ಅವಧಿಯವರೆಗೆ ಚಲಿಸುವಂತೆ ಮಾಡಿದ್ದು ಈ ಅಡಿಪಾಯದ ಮೇಲೆ. ಕಾರ್ಪ್ಲಸ್, ಲೆವಿಟ್, ವಾರ್ಶೆಲ್ ಮೂವರಿಗೂ 2013ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಮುಂದಿನ ವಿವರಗಳು, ಅಂದರೆ ಆಂಬರ್, ಚಾರ್ಮ್, ಗ್ರೋಮ್ಯಾಕ್ಸ್ ಮೊದಲಾದ ತಂತ್ರಾಂಶ ಪರಂಪರೆಗಳ ಕಥೆ, ಅನ್ಯತ್ರ ಸಾಕಷ್ಟು ಲಭ್ಯವಿದೆ.

ಈ ಚರಿತ್ರೆಯಲ್ಲಿ ನಮ್ಮ ನೆಲದ ಪಾಲನ್ನು ಗುರುತಿಸುವಾಗ ಜಿ.ಎನ್. ರಾಮಚಂದ್ರನ್ ಅವರಿಂದ ಆರಂಭಿಸುವುದು ಉಚಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಅವರು ಮದರಾಸಿನಲ್ಲಿದ್ದಾಗ, 1963ರಲ್ಲಿ, ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ ಪ್ರೋಟೀನ್ ಸರಪಳಿ ಯಾವ ಯಾವ ತಿರುವುಗಳನ್ನು ತೆಗೆದುಕೊಳ್ಳಬಲ್ಲದು, ಯಾವುದನ್ನು ತೆಗೆದುಕೊಳ್ಳಲಾರದು ಎಂಬುದರ ನಕ್ಷೆಯನ್ನು ಪ್ರಕಟಿಸಿದರು. ಎರಡು ಪರಮಾಣುಗಳು ಎಷ್ಟು ಸಮೀಪಿಸಬಹುದು ಎಂಬ ಅಂತರಗಳನ್ನು ಅವರು ಅದುವರೆಗೆ ತಿಳಿದಿದ್ದ ಸ್ಫಟಿಕ ರಚನೆಗಳಿಂದ ಆಯ್ದುಕೊಂಡರು. ಕಂಡ ಕೆಲವು ಅಣುಗಳಿಂದ ಕಾಣದ ಅಣುಗಳಿಗೆ ನಿಯಮ ಕಟ್ಟುವ ಈ ಕ್ರಮವೇ ಬಲಕ್ಷೇತ್ರಗಳ ಕ್ರಮವೂ ಹೌದು. ಇಂದಿಗೂ ರಚನಾ ಕಡತವೊಂದು ಕೈಗೆ ಬಂದಾಗ ಅದನ್ನು ರಾಮಚಂದ್ರನ್ ನಕ್ಷೆಯ ಮೇಲೆ ಇಟ್ಟು ನೋಡುವುದು ವಾಡಿಕೆ. ಅವರು ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಅಣುಜೀವಭೌತ ವಿಭಾಗವನ್ನು ಕಟ್ಟಿದ್ದು 1971ರಲ್ಲಿ. ಅದೇ ವರ್ಷ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಕೇವಲ ಏಳು ರಚನೆಗಳೊಡನೆ ಪ್ರೋಟೀನ್ ದತ್ತಾಂಶ ಭಂಡಾರ ಆರಂಭವಾಯಿತು. ಪಂಚ್ ಕಾರ್ಡಿನ 80 ಅಂಕಣಗಳ ಅಳತೆಗೆ ಹೊಂದಿಸಿದ ಅದರ ಸಾಲು, ಕಾರ್ಡುಗಳು ಮರೆಯಾದ ದಶಕಗಳ ನಂತರವೂ ಬಳಕೆಯಲ್ಲಿ ಉಳಿದುಬಂದಿತು.

ಭಂಡಾರದಿಂದ ಇಳಿಸಿಕೊಂಡ ಕಡತ ಹಾಗೆಯೇ ಉಪಯೋಗಕ್ಕೆ ಬರುವುದಿಲ್ಲ. ಕ್ಷ-ಕಿರಣದ ಸ್ಫಟಿಕ ಅಧ್ಯಯನದಲ್ಲಿ ಹೈಡ್ರೋಜನ್ ಪರಮಾಣುಗಳು ಸಾಮಾನ್ಯವಾಗಿ ಗೋಚರಿಸುವುದಿಲ್ಲ, ಅವನ್ನು ಸೇರಿಸಬೇಕು. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದಲ್ಲಿ ಹೈಡ್ರೋಜನ್ ಒಂದು ಸಾರಜನಕದ ಮೇಲೆ ಕೂರಬಹುದು, ಇನ್ನೊಂದರ ಮೇಲೆ ಕೂರಬಹುದು, ಎರಡರ ಮೇಲೂ ಇರಬಹುದು, ಆಯ್ಕೆ ಸಿದ್ಧಪಡಿಸುವವರದು. ಸರಪಳಿಯ ಸಡಿಲ ಭಾಗಗಳು ಸ್ಫಟಿಕದಲ್ಲಿ ಮಸುಕಾಗಿ ಬಿಟ್ಟುಹೋಗಿರುತ್ತವೆ. ಎರಡು ಗಂಧಕಗಳ ನಡುವೆ ಬಂಧವಿದೆಯೇ ಎಂಬುದನ್ನು ನಿರ್ಧರಿಸಬೇಕು. ಅನಂತರ ನೀರು ತುಂಬಿ, ಒಟ್ಟು ವಿದ್ಯುದಾವೇಶ ಸರಿದೂಗುವಂತೆ ಅಯಾನುಗಳನ್ನು ಇಡಬೇಕು. ಅಳತೆಗಳೂ ಒಂದೇ ಅಲ್ಲ: ಭಂಡಾರದ ಕಡತ ಆಂಗ್‌ಸ್ಟ್ರಮ್‌ನಲ್ಲಿದ್ದರೆ ಗ್ರೋಮ್ಯಾಕ್ಸ್‌ನದು ನ್ಯಾನೋಮೀಟರಿನಲ್ಲಿ, ಹತ್ತು ಪಟ್ಟು ವ್ಯತ್ಯಾಸ. (ಕೊಳಗ, ಬಳ್ಳ, ಸೇರುಗಳ ಊರೂರಿನ ಲೆಕ್ಕದಲ್ಲಿ ತೊಳಲಿದ ಕ್ಷೇತ್ರಕಾರ್ಯಕರ್ತರಿಗೆ ಇದು ಹೊಸ ಸಂಕಟವೇನಲ್ಲ.)

ಇದನ್ನು ಎರಡು ಪರಿಚಿತ ಬೀಜಗಳ ಮೂಲಕ ಸ್ಪಷ್ಟಪಡಿಸಬಹುದು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ನಡೆಯುತ್ತದೆ. ಬೆಳೆ ತಿಂದ ಬಸವ, ಅವನಿಗೆ ಮೊದಲ ಫಲ ಒಪ್ಪಿಸಿದ ರೈತರು, ಈ ಐತಿಹ್ಯ ಎಲ್ಲರಿಗೂ ತಿಳಿದದ್ದು. ಅದೇ ಕಡಲೆಕಾಯಿಯ ಬೀಜದಲ್ಲಿ ಸಕ್ಕರೆಯ ಅಣುಗಳನ್ನು ಗುರುತಿಸಿ ಹಿಡಿಯುವ ಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಅದರ ರಚನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಅವಧೇಶ ಸುರೋಲಿಯ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದರು. ನಾಲ್ಕು ಉಪಘಟಕಗಳು ಸೇರಿದ್ದರೂ ಅಂಥ ಜೋಡಣೆಯಲ್ಲಿ ನಿರೀಕ್ಷಿಸುವ ಸಮಮಿತಿ ಇದರಲ್ಲಿಲ್ಲದಿರುವುದು ಅಂದು ಅಚ್ಚರಿಯ ಸಂಗತಿಯಾಗಿತ್ತು. ಪ್ರತಿ ಉಪಘಟಕದಲ್ಲೂ ಒಂದು ಕ್ಯಾಲ್ಸಿಯಂ, ಒಂದು ಮ್ಯಾಂಗನೀಸ್ ಅಯಾನು ಇವೆ. ರಚನಾ ಕಡತದಲ್ಲಿ ಇವು ಎರಡು ಚುಕ್ಕಿಗಳು ಮಾತ್ರ. ಅವನ್ನು ಸುತ್ತಲ ಪರಮಾಣುಗಳಿಗೆ ಬಂಧದಿಂದ ಕಟ್ಟಬೇಕೇ, ವಿದ್ಯುದಾಕರ್ಷಣೆಯ ಮೇಲೆ ಬಿಡಬೇಕೇ ಎಂಬುದು ಎಳೆಯ ಪ್ರಶ್ನೆ. ಇದೇ ವಿಭಾಗದ ಸರಸ್ವತಿ ವಿಶ್ವೇಶ್ವರ ಅವರ ತಂಡ ಶಾಖಕ್ಕೆ ಈ ಪ್ರೋಟೀನ್ ಬಿಚ್ಚಿಕೊಳ್ಳುವ ಮೊದಲ ಹಂತಗಳನ್ನು ಅನುಕರಣೆಯ ಮೂಲಕ ಅಭ್ಯಸಿಸಿ 2007ರಲ್ಲಿ ಪ್ರಕಟಿಸಿತು.

ಎರಡನೆಯದು ಹಲಸಿನ ಬೀಜದ ಜಾಕಲಿನ್. ಇದರ ರಚನೆಯೂ ವಿಜಯನ್ ಅವರ ತಂಡದಿಂದಲೇ, 1996ರಲ್ಲಿ ಹೊರಬಂದಿತು. ಬೀಜದೊಳಗೆ ಇದು ಮೊದಲು ಒಂದೇ ಸರಪಳಿಯಾಗಿ ಹುಟ್ಟಿ, ಆಮೇಲೆ ಕತ್ತರಿಸಲ್ಪಟ್ಟು 133 ಮತ್ತು 20 ಅಮೈನೋ ಆಮ್ಲಗಳ ಎರಡು ತುಂಡುಗಳಾಗುತ್ತದೆ. ಕತ್ತರಿಸಿದ ಜಾಗದಲ್ಲಿ ಹೊಸದಾಗಿ ತೆರೆದುಕೊಂಡ ತುದಿಯೇ, ಅಂದರೆ ಉದ್ದದ ತುಂಡಿನ ಮೊದಲ ಗ್ಲೈಸಿನ್, ಸಕ್ಕರೆಯನ್ನು ಹಿಡಿಯುವ ಸ್ಥಳದ ಮುಖ್ಯ ಭಾಗ. ಸಿದ್ಧತೆಯಲ್ಲಿ ತೊಡಕು ಇರುವುದು ಇಲ್ಲಿಯೇ. ಸ್ಫಟಿಕದಲ್ಲಿ ಮಸುಕಾಗಿ ತುಂಡಾದಂತೆ ಕಾಣುವ ಸುಳ್ಳು ತುದಿಗಳಿಗೆ ರಾಸಾಯನಿಕ ಮುಚ್ಚಳ ಹಾಕಿ ವಿದ್ಯುದಾವೇಶವನ್ನು ಅಳಿಸುವುದು ರೂಢಿ. ಜಾಕಲಿನ್‌ನ ತುದಿ ಸುಳ್ಳಲ್ಲ, ನಿಜ. ಅದಕ್ಕೆ ಮುಚ್ಚಳ ಹಾಕಿದರೆ ಅಥವಾ ಎರಡು ತುಂಡುಗಳನ್ನು ಮತ್ತೆ ಹೊಲಿದರೆ ತಂತ್ರಾಂಶ ಆಕ್ಷೇಪಿಸಲಾರದು. ಅನುಕರಣೆ ಸುಗಮವಾಗಿ ಓಡುತ್ತದೆ. ಓಡುವುದು ಮಾತ್ರ ಹಲಸಿನ ಬೀಜದಲ್ಲಿ ಇಲ್ಲದ ಇನ್ನೊಂದು ಅಣು. ಸಾಧಾರಣ ಅನುಕರಣೆಯಲ್ಲಿ ಬಂಧಗಳು ಹೊಸದಾಗಿ ಕೂಡುವುದೂ ಇಲ್ಲ, ಮುರಿಯುವುದೂ ಇಲ್ಲ. ಆದ್ದರಿಂದ ಆರಂಭದಲ್ಲಿ ತಪ್ಪಿದ ಎಳೆ ಕೊನೆಯವರೆಗೂ ತಪ್ಪಿದ ಎಳೆಯೇ.

ಎರಡು ಚುಕ್ಕಿಗಳ ನಡುವಿನ ಬಿಡುವು ನಿಜವಾದ ಬಿಡುವೋ ಅಳಿಸಿಹೋದದ್ದೋ ಎಂಬುದನ್ನು ಹೇಳಬಲ್ಲವರು ಆ ಪ್ರೋಟೀನಿನ ಕಥೆ ಬಲ್ಲವರು ಮಾತ್ರ. ಈ ತಿಳಿವಳಿಕೆ ಎಲ್ಲಿ ಉಳಿದಿದೆ? ಪ್ರಕಟಿತ ಲೇಖನಗಳಲ್ಲಿ ಇದಕ್ಕೆ ಬಹಳಷ್ಟು ಬಾರಿ ಸಿಗುವುದು ‘ಹೈಡ್ರೋಜನ್‌ಗಳನ್ನು ಸೇರಿಸಲಾಯಿತು’ ಎಂಬಂಥ ಒಂದು ವಾಕ್ಯ. ಸೇರಿಸಿದವರು ಯಾರು, ಯಾವ ಹಿಸ್ಟಿಡಿನ್‌ಗೆ ಯಾವ ಆಯ್ಕೆ, ಏಕೆ ಎಂಬುದು ಹಿರಿಯ ವಿದ್ಯಾರ್ಥಿಯಿಂದ ಕಿರಿಯರಿಗೆ ಬಾಯಿಮಾತಿನಲ್ಲಿ ಸಾಗುತ್ತದೆ. ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿ ಇದು ಮೌಖಿಕ ಪರಂಪರೆ. ಹಾಡನ್ನು ಮಾತ್ರ ಬರೆದುಕೊಂಡು ಹಾಡಿದವರನ್ನೂ ಹಾಡಿದ ಸಂದರ್ಭವನ್ನೂ ಬಿಟ್ಟ ಸಂಗ್ರಹಗಳಿಗಾಗಿ ಜಾನಪದ ಅಧ್ಯಯನ ಪಟ್ಟ ಪರಿತಾಪವನ್ನು ಬಲ್ಲವರಿಗೆ ಈ ಲೋಪದ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಯೋಗಾಲಯದ ಸಿದ್ಧತೆಯ ಕೆಲಸವನ್ನು ವಿಜ್ಞಾನದ ಇತಿಹಾಸಕಾರರು ಅಡುಗೆಮನೆಯ ಕೆಲಸದಂತೆ ಪರಿಗಣಿಸಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಇತ್ತೀಚಿನ ಬೆಳವಣಿಗೆ ಈ ಪ್ರಶ್ನೆಯನ್ನು ಇನ್ನಷ್ಟು ತೀವ್ರಗೊಳಿಸಿದೆ. 2021ರಿಂದ ಆಲ್ಫಾಫೋಲ್ಡ್‌ನ ಭಂಡಾರ ಸ್ಫಟಿಕದ ನೆರವಿಲ್ಲದೆ ಊಹಿಸಿದ ರಚನೆಗಳನ್ನು ಹೇರಳವಾಗಿ ಒದಗಿಸುತ್ತಿದೆ. ಇಂಥ ಊಹೆಯ ಸಾಧನೆಗೆ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ದೊರೆತಿದೆ. ಚುಕ್ಕಿಗಳು ಈಗ ಅಗ್ಗ. ಆದರೆ ಕತ್ತರಿಸುವ ಮೊದಲಿನ ಪೂರ್ಣ ಸರಣಿಯನ್ನು ಕೊಟ್ಟರೆ ಯಂತ್ರ ಕತ್ತರಿಸದ ಸರಪಳಿಯನ್ನೇ ಹಿಂದಿರುಗಿಸುತ್ತದೆ; ಬೀಜದೊಳಗೆ ಮುಂದೆ ನಡೆದದ್ದು ಅದಕ್ಕೆ ತಿಳಿಯದು.

ಗೊಟ್ಟಿಗೆರೆಯ ವಿದ್ಯಾರ್ಥಿನಿ ತನ್ನ ಸಿದ್ಧತೆಯ ಟಿಪ್ಪಣಿ ಪುಸ್ತಕದ ನೆರಳಚ್ಚನ್ನು ನನಗೆ ಕೊಟ್ಟಿದ್ದಾಳೆ. ಅದನ್ನು ಅಜ್ಜಿಯ ರಂಗೋಲಿ ಪುಸ್ತಕದ ಪ್ರತಿಯೊಂದಿಗೆ ಒಂದೇ ಕಡತದಲ್ಲಿ ಇರಿಸಿದ್ದೇನೆ. ಅಜ್ಜಿ ಕೂತು ಹೇಳಿ, ಸೊಸೆ ಎಳೆದು, 23 ರಂಗೋಲಿಗಳ ಎಳೆಗಳನ್ನು ಈವರೆಗೆ ತುಂಬಿಸಲಾಗಿದೆ. ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಬದಲಾವಣೆಯ ಮುಂದೆ ಕಾರಣ ಬರೆದಿದೆ. ಮೂರು ಕಡೆ ಮಾತ್ರ ಕಾರಣದ ಜಾಗದಲ್ಲಿ ‘ಮೇಡಂ ಹೇಳಿದಂತೆ’ ಎಂದಿದೆ.