ಕೀರ್ತನೆಗಳಲ್ಲಿ ಮಾತನಾಡುವವರು ಯಾರು?

ಕ್ರಿಸ್ತನ ಬರವನ್ನು ಮುಂಚೆಯೇ ಸಾರಿದವು ಎಂಬ ಕಾರಣಕ್ಕೇ ದಾವೀದನ ಕೀರ್ತನೆಗಳು ಕ್ರೈಸ್ತರ ಬದುಕಿನಲ್ಲಿ ಬೇರೂರಿದವು ಎನ್ನುವುದುಂಟು. ಇದು ಅರ್ಧ ಸತ್ಯ. 4ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಮಾರ್ಸೆಲಿನಸ್‌ಗೆ ಬರೆದ ಪತ್ರದಲ್ಲಿ ಪ್ರವಾದನೆಯ ಕೀರ್ತನೆಗಳನ್ನು ಗುರುತಿಸುತ್ತಾನೆ, ನಿಜ. ಆದರೆ ಅವನು ಹೆಚ್ಚು ಹೊತ್ತು ನಿಲ್ಲುವುದು ಯಾವ ಸಂಕಟಕ್ಕೆ, ಯಾವ ಪಶ್ಚಾತ್ತಾಪಕ್ಕೆ ಯಾವ ಕೀರ್ತನೆ ಒದಗುತ್ತದೆ ಎಂಬಲ್ಲಿ. ಉಳಿದ ಗ್ರಂಥಗಳನ್ನು ಇನ್ನೊಬ್ಬರ ಮಾತಾಗಿ ಕೇಳುವವನು ಕೀರ್ತನೆಯನ್ನು ಮಾತ್ರ ತನ್ನದೇ ಮಾತಾಗಿ ನುಡಿಯುತ್ತಾನೆ ಎಂಬುದು ಅವನ ವಾದ. 6ನೇ ಶತಮಾನದ ಬೆನೆಡಿಕ್ಟನ ಮಠನಿಯಮ ವಾರಕ್ಕೆ 150 ಕೀರ್ತನೆಗಳನ್ನೂ ಹಾಡಿಸಿತು. ಬರೀ ಭವಿಷ್ಯದ ಸುಳಿವು ಬೇಕಿದ್ದರೆ ಅಷ್ಟೂ ಏಕೆ?

ಹೀಗೆ ತನ್ನದೇ ಮಾತಾಗಿಯೋ ಕ್ರಿಸ್ತನ ಪ್ರವಾದನೆಯಾಗಿಯೋ ಓದಿದರೆ ಇಸ್ರಾಯೇಲಿನ ಹಾಡುಗಳು ತಮ್ಮ ಚರಿತ್ರೆಯನ್ನೇ ಕಳೆದುಕೊಳ್ಳುತ್ತವೆ ಎಂಬ ಆಕ್ಷೇಪ ಹಗುರವಲ್ಲ. ಆ ಚರಿತ್ರೆಗೆ ಅಂಟಿಕೊಂಡ ಮೊಪ್ಸುವೆಸ್ತಿಯದ ಬಿಷಪ್ ಥಿಯೊಡೋರ್ ನೇರವಾಗಿ ಕ್ರಿಸ್ತನಿಗೆ ಬಿಟ್ಟುಕೊಟ್ಟದ್ದು ನಾಲ್ಕೇ ಕೀರ್ತನೆಗಳನ್ನು: 2, 8, 45, 110. ಶಿಲುಬೆಯ ಮೇಲೆ ಯೇಸು ನುಡಿದ 22ನೆಯದನ್ನೂ ಅವನು ದಾವೀದನ ಕಷ್ಟಕಾಲಕ್ಕೇ ಸೇರಿಸಿದ. 553ರ ಕಾನ್‌ಸ್ಟಾಂಟಿನೋಪಲ್ ಪರಿಷತ್ತು ಅವನನ್ನು ಖಂಡಿಸಿತು. ಸತ್ತು ನೂರು ವರ್ಷ ದಾಟಿದವನ ಮೇಲೆ ಈ ಕೋಪ ತುಸು ಅತಿಯೇ. ಅವನ ಎಚ್ಚರ ಸರಿಯಾದದ್ದೇ, ಆದರೆ ಅದು ದಾವೀದನಲ್ಲೇ ನಿಂತುಬಿಡುತ್ತದೆ. ಆಗಸ್ಟೀನ್ ಮುಂದೆ ಹೋದ: ಕೀರ್ತನೆಯಲ್ಲಿ ಕ್ರಿಸ್ತನೆಂಬ ಶಿರಸ್ಸೂ ಸಭೆಯೆಂಬ ದೇಹವೂ ಕೂಡಿಯೇ ಮಾತನಾಡುತ್ತವೆ ಎಂದ. ಆ ಓದಿನಲ್ಲಿ 22ನೆಯದು ನೆರವೇರಿದ ಮೇಲೂ ಮುಗಿಯುವುದಿಲ್ಲ, ಕೈಬಿಡಲ್ಪಟ್ಟವನೊಬ್ಬ ಇರುವಷ್ಟು ಕಾಲ ಅದನ್ನು ನುಡಿಯುವ ಬಾಯಿ ಇರುತ್ತದೆ.