ಇತಿಹಾಸವೋ ನಿರೀಕ್ಷೆಯೋ: ಬೆಳವಣಿಗೆಯ ಸಿದ್ಧಾಂತದಲ್ಲಿ ಒಂದು ಪ್ರಶ್ನೆಯ ಚರಿತ್ರೆ

ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ, 1943ರಲ್ಲಿ, ಪಾಲ್ ರೋಸೆನ್‌ಸ್ಟೈನ್-ರೋಡಾನ್ ಪೂರ್ವ ಹಾಗೂ ಆಗ್ನೇಯ ಯುರೋಪಿನ ಕೈಗಾರಿಕೀಕರಣವನ್ನು ಕುರಿತು ‘ಎಕನಾಮಿಕ್ ಜರ್ನಲ್’ನಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಅದರಲ್ಲಿನ ಪಾದರಕ್ಷೆ ಕಾರ್ಖಾನೆಯ ದೃಷ್ಟಾಂತ ಪ್ರಸಿದ್ಧವಾದುದು. ಕೆಲಸವಿಲ್ಲದ 20,000 ಮಂದಿಯನ್ನು ಒಂದೇ ಕಾರ್ಖಾನೆಗೆ ಸೇರಿಸಿಕೊಂಡರೆ ಅವರು ತಮ್ಮ ಕೂಲಿಯನ್ನೆಲ್ಲ ಪಾದರಕ್ಷೆಗೇ ವೆಚ್ಚ ಮಾಡುವುದಿಲ್ಲ. ಸರಕು ಮಾರಾಟವಾಗದೆ ಉಳಿಯುತ್ತದೆ. ಹತ್ತು ಲಕ್ಷ ಮಂದಿಯನ್ನು ಹಲವು ಉದ್ಯಮಗಳಲ್ಲಿ ಏಕಕಾಲಕ್ಕೆ ತೊಡಗಿಸಿದರೆ ಒಬ್ಬರ ಕೂಲಿ ಮತ್ತೊಬ್ಬರಿಗೆ ಮಾರುಕಟ್ಟೆಯಾಗುತ್ತದೆ. ಅಂದರೆ ಒಂದೇ ದೇಶಕ್ಕೆ ಎರಡು ಸಮತೋಲನಗಳು ಸಾಧ್ಯ: ಎಲ್ಲರೂ ಹೂಡಿದಾಗ ಏಳಿಗೆ, ಯಾರೂ ಹೂಡದಿದ್ದಾಗ ಬಡತನ.

ಐದು ವರ್ಷಗಳ ತರುವಾಯ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ‘ತಾನೇ ನಿಜವಾಗುವ ಭವಿಷ್ಯವಾಣಿ’ಯ ಪರಿಕಲ್ಪನೆಯನ್ನು ಮಂಡಿಸಿದರು. ಬ್ಯಾಂಕು ಮುಳುಗುತ್ತದೆಂಬ ಸುಳ್ಳು ಸುದ್ದಿಯನ್ನು ನಂಬಿ ಠೇವಣಿದಾರರೆಲ್ಲ ಒಮ್ಮೆಗೇ ಹಣಕ್ಕಾಗಿ ಧಾವಿಸಿದರೆ, ಸುಸ್ಥಿತಿಯಲ್ಲಿದ್ದ ಬ್ಯಾಂಕೂ ಮುಳುಗುತ್ತದೆ. ಇದೇ ತರ್ಕಕ್ಕೆ 1983ರಲ್ಲಿ ಡೈಮಂಡ್ ಮತ್ತು ಡಿಬ್‌ವಿಗ್ ಗಣಿತದ ರೂಪ ನೀಡಿದರು.

ರೋಸೆನ್‌ಸ್ಟೈನ್-ರೋಡಾನರ ವಾದ ಮಾದರಿಯ ಭಾಷೆಗೆ ಬಂದದ್ದು 1989ರಲ್ಲಿ, ಮರ್ಫಿ, ಶ್ಲೈಫರ್ ಮತ್ತು ವಿಷ್ನಿ ಅವರಿಂದ. ಅವರು ಮುಖ್ಯವಾದೊಂದು ತೊಡಕನ್ನು ಗುರುತಿಸಿದರು. ಕಾರ್ಖಾನೆಯ ಪ್ರಭಾವ ಲಾಭದ ಮೂಲಕ ಮಾತ್ರ ಹರಡುವುದಾದರೆ ಎರಡು ಸಮತೋಲನಗಳು ಹುಟ್ಟುವುದಿಲ್ಲ. ಏಕೆಂದರೆ ನಷ್ಟದ ಕಾರ್ಖಾನೆ ಒಟ್ಟು ಆದಾಯವನ್ನು ಕುಗ್ಗಿಸುತ್ತದೆ. ಹೊಲದ ಕೂಲಿಗಿಂತ ಕಾರ್ಖಾನೆಯ ಕೂಲಿ ಹೆಚ್ಚಾಗಿದ್ದರೆ, ತಾನು ನಷ್ಟ ಅನುಭವಿಸುವ ಉದ್ಯಮವೂ ಇತರರ ಮಾರುಕಟ್ಟೆಯನ್ನು ಹಿಗ್ಗಿಸಬಲ್ಲದು. ಸಮನ್ವಯದ ಮಾತು ಎಲ್ಲೆಡೆ ಸಲ್ಲುವುದಿಲ್ಲವೆಂಬುದನ್ನು ಈ ಷರತ್ತು ನೆನಪಿಸುತ್ತದೆ.

ಹಾಗಾದರೆ ಎರಡರಲ್ಲಿ ಯಾವ ಸಮತೋಲನ ನೆಲೆಗೊಳ್ಳುತ್ತದೆ? 1991ರಲ್ಲಿ ಪಾಲ್ ಕ್ರುಗ್‌ಮನ್ ಮತ್ತು ಕಿಮಿನೋರಿ ಮತ್ಸುಯಾಮಾ ಒಂದೇ ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು. ಕ್ರುಗ್‌ಮನ್ನರ ಉತ್ತರ ಷರತ್ತುಬದ್ಧವಾದುದು. ಬಡ್ಡಿದರ ಹೆಚ್ಚಿದ್ದಾಗ, ಪರಸ್ಪರ ಲಾಭದ ಬಲ ಕಡಿಮೆಯಿದ್ದಾಗ ಅಥವಾ ಒಂದು ವೃತ್ತಿಯಿಂದ ಮತ್ತೊಂದಕ್ಕೆ ಜನರ ಚಲನೆ ನಿಧಾನವಾಗಿದ್ದಾಗ ಇತಿಹಾಸವೇ ಗತಿಯನ್ನು ನಿರ್ಧರಿಸುತ್ತದೆ. ಇದಕ್ಕೆ ವಿರುದ್ಧವಾದ ಸ್ಥಿತಿಯಲ್ಲಿ, ಆರಂಭಬಿಂದು ಒಂದು ಸೀಮಿತ ವಲಯದೊಳಗಿದ್ದರೆ, ನಿರೀಕ್ಷೆಗೆ ಆಯ್ಕೆಯ ಅವಕಾಶವುಂಟು. ಆ ವಲಯದಾಚೆ ಎಂಥ ಆಶಾವಾದವೂ ನಿಷ್ಫಲ.

ಭಾಷೆಯೂ ಬಳಸುವವರು ಹೆಚ್ಚಿದಂತೆ ಪ್ರಯೋಜನ ಹೆಚ್ಚುವ ವಸ್ತುವೆಂದು ಭಾವಿಸಿ 1993ರಲ್ಲಿ ಚರ್ಚ್ ಮತ್ತು ಕಿಂಗ್ ದ್ವಿಭಾಷಿಕತೆಯನ್ನು ವಿಶ್ಲೇಷಿಸಿದರು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಂಥ ಪ್ರದೇಶಗಳಿಗೆ ಈ ತರ್ಕ ಅಪರಿಚಿತವಲ್ಲ. ಮಗುವನ್ನು ಕನ್ನಡ ಮಾಧ್ಯಮಕ್ಕೆ ಸೇರಿಸುವ ತಂದೆತಾಯಿ ನೆರೆಹೊರೆಯವರ ಆಯ್ಕೆಯನ್ನೂ ಊಹಿಸಬೇಕಾಗುತ್ತದೆ. ಉಳಿದವರು ಬಿಟ್ಟುಹೋಗುತ್ತಾರೆಂದು ಪ್ರತಿಯೊಬ್ಬರೂ ಎಣಿಸಿದರೆ ತರಗತಿ ಬರಿದಾಗುತ್ತದೆ. ಬರಿದಾದ ತರಗತಿ ಆ ಎಣಿಕೆಗೆ ಸಾಕ್ಷಿಯಾಗುತ್ತದೆ. ಅಭಿಮಾನದ ಕೊರತೆಯೊಂದರಿಂದಲೇ ಇದನ್ನು ವಿವರಿಸುವುದು ನ್ಯಾಯವಲ್ಲ. ಕನ್ನಡದ ಮೇಲೆ ಪ್ರೀತಿಯುಳ್ಳವರೂ ಹಾಗೆ ನಡೆದುಕೊಳ್ಳಬಹುದು.

ರೋಸೆನ್‌ಸ್ಟೈನ್-ರೋಡಾನ್ ಸೂಚಿಸಿದ್ದು ಉಪದೇಶವನ್ನಲ್ಲ, ಏಕಕಾಲದ ಹೂಡಿಕೆಯನ್ನು. ಶಿಕ್ಷಕರ ನೇಮಕ, ಸಕಾಲದ ಪಠ್ಯಪುಸ್ತಕ, ಕನ್ನಡದಲ್ಲಿ ಓದಿದವರಿಗೆ ಉದ್ಯೋಗದ ದಾರಿ, ಇವು ಒಟ್ಟಿಗೆ ಖಚಿತವಾದರೆ ನಿರೀಕ್ಷೆಗೆ ಆಧಾರ ದೊರೆಯುತ್ತದೆ. ಕ್ರುಗ್‌ಮನ್ನರ ಮಾದರಿ ಇದಕ್ಕೊಂದು ಎಚ್ಚರಿಕೆಯನ್ನೂ ಸೇರಿಸುತ್ತದೆ: ಆ ಭರವಸೆ ವಲಯದೊಳಗಿರುವಾಗಲೇ ಬರಬೇಕು.